ಕೈಗಾದ ಆಕಾಶವೂ ಇಳಿಯುವ ಗದ್ದೆಯೂ

ಹೋದ ತಿಂಗಳು ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ಕದ್ರಾ ಕಡೆಯ ಹುಡುಗ. ಹುಡುಗ ಎಂದು ಅಭ್ಯಾಸಬಲದಿಂದ ಬರೆಯುತ್ತಿದ್ದೇನೆ. ಅವನಿಗೀಗ ನಲವತ್ತೆಂಟು ದಾಟಿದೆ, ಜೊಯಿಡಾ ಸೀಮೆಯಲ್ಲಿ ಹೋಮ್‌ಸ್ಟೇ ನಡೆಸುತ್ತಾನೆ. ಚಹಾ ಲೋಟ ಕೈಗೆ ಕೊಡುವಷ್ಟರಲ್ಲೇ ಮೊಬೈಲ್ ತೆಗೆದು ಒಂದು ಚಲನಚಿತ್ರ ತೋರಿಸಿದ. ಆಲ್ಪ್ಸ್ ಪರ್ವತದ ಕಣಿವೆಯೊಂದರಲ್ಲಿ ಸಣ್ಣ ವಿಮಾನವೊಂದು ಉದ್ದನೆಯ ಹಗ್ಗ ಕಟ್ಟಿ, ಎಂಜಿನ್ ಇಲ್ಲದ ಬಿಳಿಯ ಗ್ಲೈಡರನ್ನು ಎಳೆದುಕೊಂಡು ಮೇಲೇರುತ್ತಿತ್ತು. ಒಂದು ಎತ್ತರ ತಲುಪಿದ ಮೇಲೆ ಹಗ್ಗ ಕಳಚಿತು. ವಿಮಾನ ಎಡಕ್ಕೆ ತಿರುಗಿ ಇಳಿಯಿತು, ಗ್ಲೈಡರು ಬಲಕ್ಕೆ ತಿರುಗಿ ಹಿಮದ ಗೋಡೆಯ ಪಕ್ಕದಲ್ಲಿ ಸದ್ದಿಲ್ಲದೆ ತೇಲತೊಡಗಿತು.

"ಸರ್, ನಮ್ಮ ಘಟ್ಟ ಇದಕ್ಕಿಂತ ಏನು ಕಡಿಮೆ? ಕೈಗಾದ ಮೇಲಿನ ಗುಡ್ಡದಿಂದ ನೋಡಿದರೆ ಇದಕ್ಕಿಂತ ಚೆಂದ ಕಾಣುತ್ತದೆ. ಗ್ಲೈಡರ್ ಆಗದಿದ್ದರೆ ಪ್ಯಾರಾಗ್ಲೈಡಿಂಗ್ ಆದರೂ ಬರಲಿ. ನಾಲ್ಕು ಜನ ಸೇರಿ ದುಡ್ಡು ಹಾಕುವ ಯೋಚನೆ ಇದೆ. ನೀವು ಬರೆಯುತ್ತೀರಲ್ಲ, ಇದರ ಬಗ್ಗೆ ಒಂದು ಲೇಖನ ಬರೆಯಿರಿ" ಎಂದ.

ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟ ಮಾತಿನಂತೆ ಬರೆಯುತ್ತಿದ್ದೇನೆ. ಆದರೆ ಅವನು ಬಯಸಿದ ಲೇಖನ ಇದಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಗ್ಲೈಡರ್ ಹಾರಾಟವನ್ನು ನಾನು ತಾತ್ಸಾರ ಮಾಡುವವನಲ್ಲ. ವಿಜ್ಞಾನ ಕಲಿಸಿದವನಿಗೆ ಅದಕ್ಕಿಂತ ಸುಂದರವಾದ ಯಂತ್ರ ಇನ್ನೊಂದು ಕಾಣಲಾರದು. ಅದಕ್ಕೆ ಎಂಜಿನ್ ಇಲ್ಲ. ತನ್ನ ತೂಕವೇ ಅದರ ಇಂಧನ. ಸುತ್ತಲಿನ ಗಾಳಿಯ ಮಟ್ಟಿಗೆ ನೋಡಿದರೆ ಅದು ಸದಾ ಇಳಿಯುತ್ತಲೇ ಇರುತ್ತದೆ. ತಾನು ಇಳಿಯುವುದಕ್ಕಿಂತ ವೇಗವಾಗಿ ಮೇಲೇರುವ ಗಾಳಿಯನ್ನು ಹುಡುಕಿಕೊಂಡರೆ ಮಾತ್ರ ಅದಕ್ಕೆ ಎತ್ತರ ಸಿಗುತ್ತದೆ. ಅಂಥ ಗಾಳಿ ಮೂರು ಬಗೆಯದು. ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿಯ ಕಂಬ ಒಂದು. ಬೀಸುವ ಗಾಳಿ ಗುಡ್ಡದ ಇಳಿಜಾರಿಗೆ ಬಡಿದು ಮೇಲಕ್ಕೆ ಹರಿಯುವುದು ಎರಡನೆಯದು. ಬೆಟ್ಟ ದಾಟಿದ ಗಾಳಿ ಆಚೆ ಬದಿಯಲ್ಲಿ, ಹೊಳೆಯ ಬಂಡೆ ದಾಟಿದ ನೀರಿನಂತೆ, ಅಲೆಅಲೆಯಾಗಿ ಏಳುವುದು ಮೂರನೆಯದು. ಈ ಮೂರನೆಯದನ್ನು ಜರ್ಮನ್ ಹಾರಾಟಗಾರರು ೧೯೩೩ರಲ್ಲಿ ಕಂಡುಕೊಂಡರು. ಅದೇ ಅಲೆಯನ್ನು ಹಿಡಿದು ೨೦೧೮ರ ಸೆಪ್ಟೆಂಬರಿನಲ್ಲಿ ಅರ್ಜೆಂಟೀನಾದ ಆಂಡೀಸ್ ಪರ್ವತದ ಬಳಿ ಪರ್ಲನ್-೨ ಎಂಬ ಗ್ಲೈಡರು ೭೬ ಸಾವಿರ ಅಡಿಗೂ ಮೇಲಕ್ಕೆ ಏರಿತು. ಅದನ್ನು ಮೊದಲ ನಲವತ್ತು ಸಾವಿರ ಅಡಿಯಷ್ಟು ಎಳೆದೊಯ್ಯಲು ವಿಶೇಷವಾದೊಂದು ವಿಮಾನವೇ ಬೇಕಾಗಿತ್ತು ಎಂಬುದು ಬೇರೆ ಮಾತು.

ನಾನೂ ಒಮ್ಮೆ ಗ್ಲೈಡರಿನಲ್ಲಿ ಕುಳಿತಿದ್ದೇನೆ. ೧೯೮೪ರ ಬೇಸಿಗೆ ರಜೆಯಲ್ಲಿ ಪುಣೆಯಲ್ಲಿದ್ದ ಭಾವನವರ ಮನೆಗೆ ಹೋಗಿದ್ದಾಗ ಅವರು ಹಡಪಸರದ ಗ್ಲೈಡಿಂಗ್ ಕೇಂದ್ರಕ್ಕೆ ಕರೆದೊಯ್ದರು. ಅಕ್ಕಪಕ್ಕದಲ್ಲಿ ಇಬ್ಬರು ಕುಳಿತುಕೊಳ್ಳುವ, ಮರದಿಂದ ಮಾಡಿದ 'ರೋಹಿಣಿ'. ಅಲ್ಲಿ ಎಳೆಯುವ ವಿಮಾನವಿರಲಿಲ್ಲ. ಬಯಲಿನ ಆ ತುದಿಯಲ್ಲಿದ್ದ ವಿಂಚ್ ಯಂತ್ರ ತಂತಿಯನ್ನು ಸುತ್ತಿಕೊಳ್ಳುತ್ತಿದ್ದಂತೆ ಗ್ಲೈಡರು ಗಾಳಿಪಟದಂತೆ ಸರ್ರನೆ ಏರಿತು. ತಂತಿ ಕಳಚಿದ ಕ್ಷಣದ ಆ ಮೌನವನ್ನು ನಾನಿನ್ನೂ ಮರೆತಿಲ್ಲ. ನಾನು ಆಕಾಶ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಬೋಧಕರು ನನ್ನ ಭುಜ ತಟ್ಟಿ, ಕೆಳಗೆ ಕೈ ತೋರಿಸಿ, "ಈಗ ಗಾಳಿ ಕೈಕೊಟ್ಟರೆ ಎಲ್ಲಿ ಇಳಿಯುತ್ತೀರಿ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಒಂದು ಹಸಿರು ಜಾಗ ತೋರಿಸಿದೆ. "ಅದು ಕಬ್ಬಿನ ಗದ್ದೆ, ಮುಗಿದೇ ಹೋದಿರಿ" ಎಂದು ನಕ್ಕರು. ಇಡೀ ಹಾರಾಟ ಆರೇಳು ನಿಮಿಷ ಇದ್ದಿರಬೇಕು. ಅಷ್ಟರಲ್ಲಿ ಅವರು ಮೂರು ಬಾರಿ ಅದೇ ಪ್ರಶ್ನೆ ಕೇಳಿದರು.

ರೋಹಿಣಿ ಎಂಬ ಹೆಸರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾಗರಿಕ ವಿಮಾನಯಾನ ಇಲಾಖೆಯ ಎಂಜಿನಿಯರರು, ಅವರಲ್ಲಿ ಮುಖ್ಯವಾಗಿ ಎಸ್. ರಾಮಾಮೃತಂ ಅವರು, ೧೯೫೮ರಲ್ಲಿ ತಯಾರಿಸಿದ ಗ್ಲೈಡರಿಗೆ ಅಶ್ವಿನಿ ಎಂದು ಹೆಸರಿಟ್ಟರು. ಮುಂದೆ ಭರಣಿ, ಕಾರ್ತಿಕ್, ರೋಹಿಣಿ, ಮೃಗಶೀರ್, ಆರ್ದ್ರಾ ಬಂದವು. ನಮ್ಮ ರೈತರು ಮಳೆ ಎಣಿಸುವ ನಕ್ಷತ್ರಗಳ ಸಾಲೇ ಅದು. ರೋಹಿಣಿ ೧೯೬೧ರಲ್ಲಿ ಮೊದಲು ಹಾರಿತು. ಎನ್‌ಸಿಸಿಯ ವಾಯುದಳದ ಎಷ್ಟೋ ಮಕ್ಕಳು ಅದರಲ್ಲೇ ಆಕಾಶದ ಓನಾಮ ಕಲಿತರು. ಇನ್ನೂ ಹಿಂದಕ್ಕೆ ಹೋದರೆ, ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭವಾದ ಹೊಸತರಲ್ಲೇ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಡಾ. ವಿ. ಎಂ. ಘಾಟಗೆ ಅವರು ಹತ್ತು ಜನ ಕೂರಬಹುದಾದ ಗ್ಲೈಡರೊಂದನ್ನು ರೂಪಿಸಿದ್ದರು. ಜರ್ಮನಿಯ ಗಾಟಿಂಗೆನ್‌ನಲ್ಲಿ ಪ್ರಾಂಟ್ಲ್ ಎಂಬ ಮಹಾನ್ ವಿಜ್ಞಾನಿಯ ಕೈಕೆಳಗೆ ಓದಿ ಬಂದವರು ಅವರು. ನಮ್ಮ ದೇಶದ ವಿಮಾನ ನಿರ್ಮಾಣದ ಮೊದಲ ಪಾಠಗಳಲ್ಲಿ ಒಂದು ಎಂಜಿನ್ ಇಲ್ಲದ ವಿಮಾನವಾಗಿತ್ತು ಎಂಬುದನ್ನು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಂಬುತ್ತಲೇ ಇರಲಿಲ್ಲ.

ಇರಲಿ, ಶಿಷ್ಯ ತೋರಿಸಿದ ಚಿತ್ರಕ್ಕೆ ಬರೋಣ. ಹಗ್ಗ ಕಟ್ಟಿ ಎಳೆಯುವುದು ನೋಡಲು ಎತ್ತಿನಗಾಡಿಯಷ್ಟು ಸರಳ. ಆದರೆ ಐವತ್ತು ಅರವತ್ತು ಮೀಟರ್ ಹಗ್ಗದ ಎರಡು ತುದಿಗಳಲ್ಲಿ ಎರಡು ಪ್ರಾಣಗಳಿವೆ. ಹಿಂದಿನ ಗ್ಲೈಡರು ಮುಂದಿನ ವಿಮಾನಕ್ಕಿಂತ ಬಹಳ ಮೇಲಕ್ಕೆ ಹೋದರೆ ಹಗ್ಗವು ವಿಮಾನದ ಬಾಲವನ್ನು ಮೇಲಕ್ಕೆತ್ತುತ್ತದೆ. ಅದರ ಮೂತಿ ನೆಲದತ್ತ ತಿರುಗುತ್ತದೆ. ನೆಲ ಹತ್ತಿರವಿದ್ದರೆ ಚಾಲಕ ಹಗ್ಗ ಕಳಚುವ ಹಿಡಿಕೆಗೆ ಕೈ ಹಾಕುವಷ್ಟರಲ್ಲೇ ಎಲ್ಲವೂ ಮುಗಿದಿರುತ್ತದೆ. ಆದ್ದರಿಂದಲೇ ಎರಡೂ ತುದಿಗಳಲ್ಲಿ ಕಳಚುವ ಕೊಕ್ಕೆ ಇರುತ್ತದೆ, ಮಿತಿಮೀರಿ ಎಳೆತ ಬಿದ್ದಾಗ ತಾನೇ ತುಂಡಾಗುವಂತೆ ಬೇಕೆಂದೇ ದುರ್ಬಲವಾಗಿಟ್ಟ ಒಂದು ಕೊಂಡಿಯೂ ಇರುತ್ತದೆ. ಬಯಲಿನಲ್ಲಿ ಇದೆಲ್ಲ ಅಭ್ಯಾಸದ ಮಾತು. ಬೆಟ್ಟಗಳ ನಡುವೆ ಹಾಗಲ್ಲ. ಅಲ್ಲಿ ಗಾಳಿ ಮುಂದಿನವನನ್ನು ಒಮ್ಮೆಲೇ ಕೆಳಕ್ಕೆ ಅದುಮಿದರೆ ಅದೇ ಕ್ಷಣ ಹಿಂದಿನವನನ್ನು ಮೇಲಕ್ಕೆ ಎಸೆಯಬಹುದು. ಹಗ್ಗ ಸಡಿಲಾಗಿ ಮತ್ತೆ ಝಾಡಿಸಿ ಬಿಗಿಯಾಗಬಹುದು. ಎಳೆಯುವವನು ಹೆಜ್ಜೆಹೆಜ್ಜೆಗೂ, ಹಗ್ಗ ಈಗಲೇ ತುಂಡಾದರೆ ಹಿಂದಿರುವವನು ಎಲ್ಲಿ ಇಳಿದಾನು ಎಂದು ಲೆಕ್ಕ ಹಾಕುತ್ತಲೇ ದಾರಿ ಆರಿಸಬೇಕು. ಬೆಟ್ಟದ ಹತ್ತಿರ ಹಾರುವಾಗ ತಿರುವು ಯಾವಾಗಲೂ ಬೆಟ್ಟದಿಂದ ಆಚೆಗೆ, ಎಂದೂ ಬೆಟ್ಟದತ್ತ ಅಲ್ಲ. ಗಾಳಿಯ ಮರೆಯ ಬದಿಗೆ ಹೋಗಲೇಕೂಡದು.

ಈಗ ಕೈಗಾವನ್ನು ನೋಡಿ. ಅಣುಸ್ಥಾವರದ ಮೇಲಿನ ಆಕಾಶ ಹಾರಾಟಕ್ಕೆ ನಿಷಿದ್ಧ ಎಂಬುದು ಶಿಷ್ಯನಿಗೂ ಗೊತ್ತು. "ಸ್ಥಾವರದ ಮೇಲೆ ಯಾರು ಹಾರುತ್ತಾರೆ ಸರ್, ಆಚೆ ಅಣಶಿ ಕಡೆ ಹೋಗೋಣ" ಎನ್ನುತ್ತಾನೆ. ಆಚೆಗೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಸರಿ, ಕಾನೂನನ್ನು ಪಕ್ಕಕ್ಕಿಟ್ಟು ಗಾಳಿಯನ್ನೇ ಕೇಳೋಣ.

ಆ ಕಣಿವೆಯ ದಾರಿಯಲ್ಲಿ ನಾನು ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಓಡಾಡಿದವನು. ಪುಷ್ಯ ಮಾಘದ ಬೆಳಗುಗಳಲ್ಲಿ ಕಾಳಿ ನದಿಯ ಮೇಲೆ ಮಂಜು ಹಾಲಿನಂತೆ ತುಂಬಿರುತ್ತದೆ. ಆಗ ಗಾಳಿ ಘಟ್ಟದ ಮೇಲಿನಿಂದ, ಪೂರ್ವದಿಂದ, ಕೆಳಕ್ಕೆ ಇಳಿಯುತ್ತದೆ. ಅಂದರೆ ಕಡಲಿಗೆ ಮುಖ ಮಾಡಿದ ನಮ್ಮ ಸುಂದರ ಇಳಿಜಾರು ಆ ಹೊತ್ತಿನಲ್ಲಿ ಗಾಳಿಯ ಮರೆಯ ಬದಿ. ಗಾಳಿ ಅಲ್ಲಿ ಇಳಿಯುತ್ತದೆ, ಸುಳಿಯುತ್ತದೆ. ಹತ್ತು ಗಂಟೆಗೆ ಮಂಜು ಹರಿದ ಮೇಲೆ ಬಿಸಿಲಿಗೆ ಕಾದ ಬೋಳು ಬಂಡೆಗಳ ಮೇಲೆ ಗರುಡ ಪಕ್ಷಿಗಳು ಸುತ್ತು ಹಾಕಲು ತೊಡಗುತ್ತವೆ. ಮಧ್ಯಾಹ್ನಕ್ಕೆ ಕಡಲಗಾಳಿ ಕಣಿವೆಯೊಳಗೆ ಬರುತ್ತದೆ. ಅದು ತಂಪು, ತೇವದ ಗಾಳಿ; ಬಿಸಿಗಾಳಿಯ ಕಂಬಗಳನ್ನು ಬುಡದಲ್ಲೇ ಕತ್ತರಿಸುತ್ತದೆ. ಒಂದೇ ದಿನದಲ್ಲಿ ಗಾಳಿ ಹೀಗೆ ದಿಕ್ಕು ಬದಲಿಸುವ ಹೊತ್ತು ಯಾವುದು ಎಂದು ಯಾವ ಗಡಿಯಾರವೂ ಹೇಳಲಾರದು. ಇನ್ನು ಪಶ್ಚಿಮದ ಗಾಳಿ ಇಳಿಜಾರಿಗೆ ನೇರವಾಗಿ ಬಲವಾಗಿ ಬಡಿಯುವುದು ಯಾವಾಗ? ಮಳೆಗಾಲದಲ್ಲಿ. ಆಗ ಘಟ್ಟವೇ ಮೋಡದೊಳಗಿರುತ್ತದೆ. ಗಾಳಿ ಸರಿಯಾಗಿ ಬೀಸುವ ಕಾಲಕ್ಕೆ ನಮ್ಮಲ್ಲಿ ಬೆಟ್ಟ ಕಾಣುವುದಿಲ್ಲ, ಬೆಟ್ಟ ಕಾಣುವ ಕಾಲಕ್ಕೆ ಗಾಳಿಯನ್ನು ನಂಬುವಂತಿಲ್ಲ.

ಶಿಷ್ಯನಿಗೆ ಹಳೆಯ ಪದ್ಧತಿಯಂತೆ ಒಂದು ಲೆಕ್ಕ ಕೊಟ್ಟೆ. ಗ್ಲೈಡರನ್ನು ೬೦೦ ಮೀಟರ್ ಎತ್ತರದಲ್ಲಿ ಬಿಡಲಾಯಿತು ಎಂದಿಟ್ಟುಕೊ. ಒಂದು ಮೀಟರ್ ಇಳಿಯುವಷ್ಟರಲ್ಲಿ ಮೂವತ್ತು ಮೀಟರ್ ಮುಂದೆ ಸಾಗುವ ಒಳ್ಳೆಯ ಗ್ಲೈಡರೇ ಇರಲಿ. ನೆಲದ ಹತ್ತಿರ ಸುತ್ತಿ ಇಳಿಯಲು ೨೫೦ ಮೀಟರ್ ಕಾದಿಟ್ಟರೆ ಉಳಿದದ್ದು ೩೫೦. ನಿಶ್ಚಲವಾದ ಗಾಳಿಯಲ್ಲಿ ಅದು ಹತ್ತೂವರೆ ಕಿಲೋಮೀಟರ್ ಹೋದೀತು. ಈಗ ಇಳಿಗಾಳಿಗೆ ಸಿಕ್ಕಿಕೊಂಡಿತು ಎನ್ನು, ಸೆಕೆಂಡಿಗೆ ಎರಡೂವರೆ ಮೀಟರ್. ಬೆಟ್ಟದಲ್ಲಿ ಅದೇನೂ ಅಪರೂಪವಲ್ಲ. ಗಂಟೆಗೆ ೯೦ ಕಿಲೋಮೀಟರ್ ವೇಗದಲ್ಲಿ ಎಷ್ಟು ದೂರ ಹೋದೀತು? ಅವನು ಮೊಬೈಲಿನಲ್ಲೇ ಒತ್ತಿ ನೋಡಿದ. ಎರಡೂವರೆ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೇ. ಕೈಗಾದಿಂದ ಕಾರವಾರದ ಕಡಲಿಗೆ ನೇರ ರೇಖೆಯಲ್ಲೇ ಮೂವತ್ತು ಕಿಲೋಮೀಟರ್ ಮೀರುತ್ತದೆ. ಪ್ಯಾರಾಗ್ಲೈಡರಿನ ಗತಿ ಇನ್ನೂ ಕಷ್ಟ. ಅದು ಇದರ ಮೂರನೆಯ ಒಂದು ಪಾಲಿನಷ್ಟೂ ಚಾಚಿ ತೇಲಲಾರದು.

ಆ ಎರಡೂವರೆ ಕಿಲೋಮೀಟರಿನೊಳಗೆ ಏನಿದೆ? ಕಾಡು, ಕದ್ರಾ ಅಣೆಕಟ್ಟಿನ ಹಿನ್ನೀರು, ಬಂಡೆ, ಮತ್ತು ಅಣುವಿದ್ಯುತ್ತನ್ನು ಘಟ್ಟ ಹತ್ತಿಸುವ ಉಕ್ಕಿನ ಕಂಬಗಳ ಸಾಲು. ಬೆಟ್ಟದಿಂದ ಬೆಟ್ಟಕ್ಕೆ ಜಗ್ಗಿ ಕಟ್ಟಿದ ಆ ತಂತಿಗಳು ಹಸಿರು ಹಿನ್ನೆಲೆಯಲ್ಲಿ ಮೇಲಿನಿಂದ ಕಾಣುವುದೇ ಇಲ್ಲ.

ಆಲ್ಪ್ಸ್‌ನ ಚಿತ್ರದಲ್ಲಿ ಶಿಷ್ಯ ಬೆಟ್ಟವನ್ನಷ್ಟೇ ನೋಡಿದ. ನಾನು ಕಣಿವೆಯ ತಳ ನೋಡು ಎಂದೆ. ಅಲ್ಲಿ ಹುಲ್ಲುಗಾವಲುಗಳಿವೆ, ಪುಟ್ಟ ಪುಟ್ಟ ವಿಮಾನ ಮೈದಾನಗಳಿವೆ. ಅಷ್ಟೂ ಸಾಲದೆಂದು ಫ್ರಾನ್ಸಿನವರು ಆಲ್ಪ್ಸ್‌ನಲ್ಲಿ ತುರ್ತಾಗಿ ಇಳಿಯಬಹುದಾದ ಹೊಲಗಳದ್ದೇ ಒಂದು ಕೈಪಿಡಿ ಮಾಡಿಟ್ಟಿದ್ದಾರೆ. ಹಾರಾಟಗಾರರ ಪಿತಾಮಹನೆನಿಸಿದ ಒಟೊ ಲಿಲಿಯೆಂಥಾಲ್ ೧೮೯೪ರಲ್ಲಿ ಬರ್ಲಿನ್ನಿನ ಹತ್ತಿರ ಬಯಲಿನ ನಡುವೆ ಮಣ್ಣು ಸುರಿಸಿ ತನಗಾಗಿ ಸುಮಾರು ಹದಿನೈದು ಮೀಟರ್ ಎತ್ತರದ ಗುಡ್ಡವನ್ನೇ ಕಟ್ಟಿಸಿಕೊಂಡ. ದೊಡ್ಡ ಬೆಟ್ಟ ಅವನಿಗೆ ಬೇಕಿರಲಿಲ್ಲ. ಯಾವ ದಿಕ್ಕಿನ ಗಾಳಿಗಾದರೂ ಓಡಿ ಜಿಗಿಯಬಹುದಾದ, ಸುತ್ತಲೂ ಬಯಲಿರುವ ದಿಬ್ಬ ಬೇಕಿತ್ತು. ಅಷ್ಟು ಜಾಗರೂಕನಾಗಿದ್ದವನೂ ೧೮೯೬ರ ಆಗಸ್ಟಿನಲ್ಲಿ ಬೇರೊಂದು ಗುಡ್ಡದಿಂದ ಹಾರುವಾಗ ಬಿದ್ದು ಮರುದಿನ ತೀರಿಕೊಂಡ.

ನಮ್ಮ ಕರಾವಳಿಯಲ್ಲಿ ಸಮತಟ್ಟು ನೆಲ ಎಂಬುದು ಬೆಟ್ಟ ಮತ್ತು ಕಡಲಿನ ನಡುವೆ ಸಿಕ್ಕಿಬಿದ್ದ ಒಂದು ಪಟ್ಟಿ. ಅದರ ಮೇಲೆ ಹೆದ್ದಾರಿ ಹೋಯಿತು, ಕೊಂಕಣ ರೈಲು ಹೋಯಿತು, ಸೀಬರ್ಡ್ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಎದ್ದುಹೋದವು, ಅಲಗೇರಿಯಲ್ಲಿ ವಿಮಾನನಿಲ್ದಾಣಕ್ಕಾಗಿ ಮತ್ತೆ ಭೂಮಿ ಕೇಳಲಾಯಿತು. ಉಳಿದದ್ದು ಯಾರದೋ ಒಂದೆಕರೆ ಗದ್ದೆ, ಯಾರದೋ ಶೇಂಗಾ ಬೆಳೆ. ತುರ್ತಾಗಿ ಇಳಿಯುವುದು ಎಂದರೆ ಆ ಯಾರದೋ ಬೆಳೆಯ ಮೇಲೆ ಇಳಿಯುವುದು. ನಕ್ಷೆಯಲ್ಲಿ ಖಾಲಿ ಜಾಗ ಎಂದು ಕಾಣುವುದು ಈ ಜಿಲ್ಲೆಯಲ್ಲಿ ಖಾಲಿಯಾಗಿರುವುದಿಲ್ಲ. ಇದನ್ನು ನಾಲ್ಕು ಬಾರಿ ಅನುಭವಿಸಿದ ಊರುಗಳವರು ನಾವು.

ನಮ್ಮ ಕಾಡಿನ ನಿಜವಾದ ಗ್ಲೈಡರುಗಳನ್ನು ನೋಡಿದರೂ ಇದೇ ತಿಳಿಯುತ್ತದೆ. ತೇಜಸ್ವಿಯವರು 'ಕರ್ವಾಲೊ'ದಲ್ಲಿ ಹುಡುಕಿಸಿದ ಹಾರುವ ಓತಿಯ ಸಂಬಂಧಿಕರು ನಮ್ಮ ಅಡಿಕೆ ತೋಟಗಳಲ್ಲಿ ಈಗಲೂ ಇದ್ದಾರೆ. ಪಕ್ಕೆಲುಬುಗಳ ನಡುವಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ. ನಾನು ಎಷ್ಟೋ ಬಾರಿ ನಿಂತು ನೋಡಿದ್ದೇನೆ: ಜಿಗಿಯುವ ಮೊದಲು ಅದು ತಲೆ ತಿರುಗಿಸಿ ಎದುರಿನ ಮರದ ಬೊಡ್ಡೆಯನ್ನು ನೋಡುತ್ತದೆ, ಬಹಳ ಹೊತ್ತು ನೋಡುತ್ತದೆ, ಕೆಲವೊಮ್ಮೆ ಮನಸ್ಸು ಬದಲಿಸಿ ಮೇಲಕ್ಕೆ ಹತ್ತಿಬಿಡುತ್ತದೆ. ಜಿಗಿದ ಜಾಗಕ್ಕಿಂತ ತಲುಪುವ ಜಾಗ ಕೆಳಗೇ ಇರುತ್ತದೆ; ಮತ್ತೆ ಹಾರಬೇಕಾದರೆ ಮತ್ತೆ ಹತ್ತಬೇಕು.

೨೦೨೦ರ ಅಕ್ಟೋಬರ್ ೨ರಂದು ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಎಂಜಿನ್ ಕಟ್ಟಿದ ಪ್ಯಾರಾಗ್ಲೈಡರು ಕಡಲಿಗೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ತೀರಿಕೊಂಡರು. ಎರಡೇ ದಿನ ಕಳೆದು ಕೊಚ್ಚಿಯಲ್ಲಿ ನೌಕಾಪಡೆಯ ಎಂಜಿನ್‌ಸಹಿತ ಗ್ಲೈಡರೊಂದು ಬಿದ್ದು ಇಬ್ಬರು ಮಡಿದರು. ಎರಡೂ ಕಡಲ ಮಟ್ಟದಲ್ಲಿ ನಡೆದವು, ಬೆಟ್ಟದ ಗಾಳಿಯ ಕಾಟವಿಲ್ಲದ ಕಡೆ. ಅಂಥಲ್ಲೇ ಹೀಗಾದರೆ, ಬೆಂಗಳೂರಿನಿಂದ ಶನಿವಾರ ಬಂದು ಭಾನುವಾರ ಹೋಗುವ, ಗಾಳಿಯ ಒಂದಕ್ಷರವೂ ತಿಳಿಯದ ಪ್ರವಾಸಿಗನನ್ನು ಕಟ್ಟಿಕೊಂಡು ಕಾಡುಕಣಿವೆಯ ಮೇಲೆ ಜಿಗಿಯುವ ವ್ಯಾಪಾರಕ್ಕೆ ನಾನು ಹೇಗೆ ಶಹಬ್ಬಾಸ್ ಎನ್ನಲಿ? ದುಡ್ಡು ಕೊಟ್ಟವನಿಗೆ ಹತ್ತು ನಿಮಿಷದ ರೋಮಾಂಚನ, ಬಿದ್ದರೆ ಹುಡುಕಲು ಹೋಗುವವರು ಮಾತ್ರ ನಮ್ಮ ಊರಿನ ಕುಣಬಿ ಹುಡುಗರು.

"ಹಾಗಾದರೆ ನಾವು ಕೆಳಗೇ ಕೂತಿರಬೇಕೇ ಸರ್? ಎಲ್ಲ ದೊಡ್ಡ ಯೋಜನೆ ನಮ್ಮ ತಲೆಯ ಮೇಲೆ ಬರುತ್ತವೆ, ನಾವೊಂದು ಸಣ್ಣದನ್ನು ಮಾಡಹೊರಟರೆ ಆಗದು ಎನ್ನುತ್ತೀರಿ" ಎಂದು ಅವನು ಸ್ವಲ್ಪ ನೊಂದೇ ಕೇಳಿದ. ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅವನ ತಂದೆಯ ಗದ್ದೆ ಯಾವುದರ ಕೆಳಗೆ ಹೋಯಿತು ಎಂಬುದು ನನಗೆ ಗೊತ್ತಿದೆ.

ಆದರೂ ನನ್ನ ಅಭಿಪ್ರಾಯ ಹೇಳಲೇಬೇಕು. ನಮ್ಮ ಮಕ್ಕಳು ಹಾರಬೇಕು, ಆದರೆ ಇಲ್ಲಲ್ಲ. ಘಟ್ಟ ಹತ್ತಿ ಹಳಿಯಾಳ ದಾಟಿ ಧಾರವಾಡ, ನವಲಗುಂದದ ಕಡೆ ಹೋಗಲಿ. ಸುಗ್ಗಿ ಮುಗಿದ ಮೇಲೆ ಅಲ್ಲಿನ ಎರೆಭೂಮಿ ಮೈಲುಗಟ್ಟಲೆ ಬೋಳಾಗಿ ಬಿದ್ದಿರುತ್ತದೆ. ಚೈತ್ರ ವೈಶಾಖದ ಬಿಸಿಲಿಗೆ ಅದರಿಂದ ಏಳುವ ಬಿಸಿಗಾಳಿ ಹದ್ದುಗಳನ್ನು ಚುಕ್ಕೆಯಾಗುವ ತನಕ ಎತ್ತುತ್ತದೆ. ಗಾಳಿ ಕೈಕೊಟ್ಟರೆ ಇಳಿಯಲು ಹೊಲಕ್ಕೆ ಬರವಿಲ್ಲ, ಬೆಳೆ ಹಾಳಾಗುವ ಅಂಜಿಕೆಯೂ ಇಲ್ಲ. ಕಲಿಸುವ ಶಾಲೆ ಅಂಥಲ್ಲಿ ಇರಬೇಕು, ಅದೂ ಅಗ್ಗದಲ್ಲಿ, ಹಳ್ಳಿಯ ಮಕ್ಕಳಿಗೆ ಎಟಕುವಂತೆ. ನಮ್ಮ ರಾಜ್ಯಕ್ಕೆ ಇದೇನು ಹೊಸದಲ್ಲ; ಜಕ್ಕೂರಿನ ಸರ್ಕಾರಿ ವಿಮಾನ ತರಬೇತಿ ಶಾಲೆ ಸ್ವಾತಂತ್ರ್ಯ ಬಂದ ಹೊಸತರಲ್ಲೇ ಆರಂಭವಾದದ್ದು. ಎನ್‌ಸಿಸಿಯಲ್ಲಿ ಗ್ಲೈಡರುಗಳು ಹಿಂದೆ ಸರಿದು ಎಂಜಿನ್ ಉಳ್ಳ ಮೈಕ್ರೋಲೈಟುಗಳು ಬಂದದ್ದನ್ನು ಪ್ರಗತಿ ಎಂದು ಹಲವರು ಕರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಎಂಜಿನ್ ಇದ್ದವನು ತಪ್ಪಿದರೆ ಇನ್ನೊಂದು ಸುತ್ತು ಹಾಕುತ್ತಾನೆ. ಗ್ಲೈಡರಿನವನಿಗೆ ಇಳಿಯಲು ಇರುವುದು ಒಂದೇ ಅವಕಾಶ. ಆದ್ದರಿಂದ ಅವನು ನೋಡಲು ಕಲಿಯುತ್ತಾನೆ. ಜರ್ಮನಿಯಲ್ಲಿ ಹದಿನಾಲ್ಕು ತುಂಬಿದ ಮಗು ಒಂಟಿಯಾಗಿ ಗ್ಲೈಡರ್ ಹಾರಿಸಬಹುದು. ೧೯೮೩ರ ಜುಲೈ ೨೩ರಂದು ಕೆನಡಾದಲ್ಲಿ ಇಂಧನ ಮುಗಿದು ಎರಡೂ ಎಂಜಿನ್ ನಿಂತ ಬೋಯಿಂಗ್ ವಿಮಾನವನ್ನು ಗಿಮ್ಲಿ ಎಂಬಲ್ಲಿನ ಹಳೆಯ ಓಡುದಾರಿಯಲ್ಲಿ ಸುರಕ್ಷಿತವಾಗಿ ಇಳಿಸಿದ ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಅವರು ಗ್ಲೈಡರ್ ಹಾರಾಟದಲ್ಲಿ ಪಳಗಿದವರಾಗಿದ್ದರು. ಮಾಡಿದ ತಪ್ಪು ಇಂಧನದ ಲೆಕ್ಕದ್ದು, ಕಿಲೋಗ್ರಾಮ್ ಮತ್ತು ಪೌಂಡಿನ ಗೊಂದಲ. ಇದನ್ನು ನಾನು ಎಂಟನೆಯ ತರಗತಿಗೆ ಏಕಮಾನಗಳ ಪಾಠ ಮಾಡುವಾಗ ಪ್ರತಿ ವರ್ಷ ಹೇಳುತ್ತಿದ್ದೆ.

ಹೊರಡುವಾಗ ಶಿಷ್ಯನಿಗೆ ಒಂದು ಮನೆಕೆಲಸ ಕೊಟ್ಟೆ. "ತಮಾ, ನೀನು ಹಾರಬೇಕೆಂದಿರುವ ಗುಡ್ಡದ ನೆತ್ತಿಗೆ ಹೋಗಿ ನಿಲ್ಲು. ಅಲ್ಲಿಂದ ಎರಡೂವರೆ ಕಿಲೋಮೀಟರಿನೊಳಗೆ ಇನ್ನೂರು ಮೀಟರ್ ಉದ್ದದ ಸಮತಟ್ಟು ಜಾಗ ಎಷ್ಟಿವೆ ಎಂದು ಎಣಿಸಿ ಬಾ. ಮೂರು ಸಿಕ್ಕಿದರೆ ನೀನು ಹೇಳಿದ ಲೇಖನವನ್ನೇ ಬರೆಯುತ್ತೇನೆ" ಎಂದೆ.

ಹದಿನೈದು ದಿನ ಸುದ್ದಿಯಿರಲಿಲ್ಲ. ಸಿಟ್ಟಾಗಿರಬೇಕು ಎಂದುಕೊಂಡಿದ್ದೆ. ಮೊನ್ನೆ ರವಿವಾರ ಸಂಜೆ ಫೋನು ಮಾಡಿದ. ಗುಡ್ಡದ ಮೇಲಿಂದಲೇ ಮಾತಾಡುತ್ತಿದ್ದನೋ ಏನೋ, ಗಾಳಿಯ ಸದ್ದಿನಲ್ಲಿ ಅರ್ಧ ಮಾತು ಹಾರಿಹೋಗುತ್ತಿತ್ತು.

"ಒಂದು ಗದ್ದೆ ಸಿಕ್ಕಿತು ಸರ್."

"ಒಂದೇ?"

"ಒಂದೇ. ಕಂಬ ಇದೆ, ಕರೆಂಟಿನದು."

"ಎಲ್ಲಿ, ಬದಿಗೋ?"

"ಸರೀ ನಡುವೆ ಸರ್" ಎಂದ.